ಬೆಳಗಿನ ಬೆರಳು

ಕಿಣ್ ಎಂದಿತು. ಆಮೇಲೆ ಮತ್ತೇನೂ ಇಲ್ಲ. ಅವಳು ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು ಮಲಗಿದ್ದಳು. ಗೋಡೆಯಾಚೆ ಆಸ್ಪತ್ರೆಯ ಲ್ಯಾಬು. ಹಗಲೆಲ್ಲ ಅದರೊಳಗೆ ಕೂತು, ರಾತ್ರಿ ಅದಕ್ಕೆ ಬೆನ್ನು ಕೊಟ್ಟು ಮಲಗುವುದು ಅವಳ ಬಾಳು. ಸಂಜೆ ಹೋಗಿದ್ದ ಕರೆಂಟು ಅವಳ ನಿದ್ದೆಯಲ್ಲಿ ಯಾವಾಗಲೋ ಬಂದಿರಬೇಕು, ಹಳೆಯ ಫ್ರಿಜ್ಜು ಈಗ ನೆನೆದ ನಾಯಿಯಂತೆ ಮೈ ಕೊಡವಿ ಎದ್ದಿತ್ತು. ಅದರ ಸದ್ದುಗಳೆಲ್ಲ ಅವಳಿಗೆ ಗೊತ್ತು, ಪಕ್ಕದಲ್ಲಿ ಮಲಗಿದ ಗಂಡನ ಗೊರಕೆಗಿಂತ ಚೆನ್ನಾಗಿ ಗೊತ್ತು. ಅದು ಗುರುಗುಟ್ಟುತ್ತದೆ, ನರಳುತ್ತದೆ, ನಿಲ್ಲುವಾಗ ಟಕ್ ಎನ್ನುತ್ತದೆ. ಕಿಣ್ ಎನ್ನುವುದಿಲ್ಲ. ಕಿಣ್ ಎನ್ನಬೇಕಾದರೆ ಒಳಗೆ ಗಾಜಿಗೆ ಗಾಜು ತಾಗಬೇಕು. ಒಳಗಿರುವುದು ರಕ್ತದ ಗುಂಪು ನೋಡುವ ಔಷಧದ, ಹೆಬ್ಬೆರಳಿನಷ್ಟೇ ಇರುವ ಬಾಟಲಿಗಳು, ತಗಡಿನ ಟ್ರೇಯಲ್ಲಿ ಹತ್ತಿಯ ಮೇಲೆ ಕೂಸುಗಳಂತೆ ದೂರ ದೂರ ಮಲಗಿಸಿದವು. ಅವು ಒಂದನ್ನೊಂದು ಮುಟ್ಟುವುದಿಲ್ಲ. ಹಾಗಾದರೆ ತಾಗಿದ್ದು ಯಾವುದು ಎಂದುಕೊಳ್ಳುತ್ತಿದ್ದಂತೆಯೇ ಎದ್ದು ಕೂತಳು. ತಂಪುಪಾನೀಯ. ಮಧ್ಯಾಹ್ನ ಡಾಕ್ಟರು ಬಾಗಿಲಲ್ಲೇ ನಿಂತು, 'ನಾಳೆ ತರಬೇತಿಗೆ ಬರೋರು ಬಿಸಿಲಲ್ಲಿ ಬರ್ತಾರೆ ಕಣಮ್ಮ, ತಣ್ಣಗೆ ಒಂದಿಷ್ಟು ಕುಡಿಯೋಕಾದ್ರೂ ಬೇಡ್ವಾ, ನಿನ್ನ ಪೆಟ್ಟಿಗೇನ ಸ್ವಲ್ಪ ಖಾಲಿ ಮಾಡು' ಎಂದಿದ್ದರು. ಅವಳು 'ಆಗಲಿ ಸರ್' ಎಂದಿದ್ದಳು. ಟ್ರೇ ತೆಗೆದು ಕಟ್ಟೆಯ ಮೇಲಿಟ್ಟು, ತಂಪುಪಾನೀಯದ ಬಾಟಲಿ ಜೋಡಿಸಿ, ಕೆಳಗಿನ ಅರೆಯಲ್ಲಿ ಜಾಗ ಮಾಡಿ ಟ್ರೇಯನ್ನು ಮತ್ತೆ ಒಳಗಿಡಬೇಕು ಎನ್ನುವಷ್ಟರಲ್ಲಿ ಜ್ವರದ ಮಗುವನ್ನು ಎತ್ತಿಕೊಂಡು ಯಾರೋ ಬಂದರು. ಮಗುವಿನ ಬೆರಳು ಚುಚ್ಚಿ, ಸ್ಲೈಡು ಒಣಗಿಸಿ, ಬಣ್ಣ ಹಾಕಿ, ಕಣ್ಣು ಸೂಕ್ಷ್ಮದರ್ಶಕಕ್ಕೆ ಅಂಟಿಸಿ ಕೂತವಳು ಏಳುವಾಗ ಸಂಜೆಯಾಗಿತ್ತು.

ಬೀಗದಕೈ ಹಿಡಿದು ಬರಿಗಾಲಲ್ಲೇ ಓಡಿದಳು. ಟ್ರೇ ಇಟ್ಟಲ್ಲೇ ಇತ್ತು. ಅದರ ಮಗ್ಗುಲಲ್ಲಿ, ಸೂಜಿ ಇಕ್ಕಳ ಕುದಿಸುವ ಸ್ಟೆರಿಲೈಜರ್ ಕೆಂಪು ದೀಪ ಉರಿಸಿಕೊಂಡು ಕೂತಿತ್ತು. ಬರುವವರ ಮುಂದೆ ಎಲ್ಲ ಪಳಪಳ ಎನ್ನಲಿ ಎಂದು ಆಯಾ ಮಧ್ಯಾಹ್ನವೆಲ್ಲ ಅದರಲ್ಲಿ ಬೇಯಿಸಿದ್ದಳು. ಕರೆಂಟು ಹೋದಾಗ ಸ್ವಿಚ್ಚು ಆರಿಸದೆ ಮನೆಗೆ ಹೋಗಿದ್ದಳು. ಈಗ ಕರೆಂಟಿನ ಜೊತೆಗೆ ಅದೂ ಎದ್ದು ಬುಸುಗುಡುತ್ತಿತ್ತು. ತಗಡಿನ ಟ್ರೇಯ ಒಂದು ಅಂಚು ಅದಕ್ಕೆ ಒತ್ತಿಕೊಂಡಿತ್ತು. ಆ ಅಂಚಿನಲ್ಲಿದ್ದದ್ದು ನೀಲಿ ಬಾಟಲಿ. ಹಳದಿಯದು ಆಚೆ ತುದಿಯಲ್ಲಿತ್ತು, ಮುಟ್ಟಿದರೆ ಕೋಣೆಯಷ್ಟೇ ಬೆಚ್ಚಗೆ. ನೀಲಿಯದು ಕೈ ಸುಟ್ಟಿತು. ಇರುವುದು ಅದೊಂದೇ. ಮುಂದಿನದು ಬರುವುದು ಮೇಲಿನವರ ಮನಸ್ಸು, ದಾರಿಯ ಸ್ಥಿತಿ, ಲಾರಿಯವನ ಕೃಪೆ. ತಂಪುಪಾನೀಯದ ಬಾಟಲಿಗಳನ್ನು ಎತ್ತಿ ನೆಲದ ಮೇಲಿಟ್ಟು, ಹಳದಿಯದನ್ನೂ ನೀಲಿಯದನ್ನೂ ಒಳಗಿಟ್ಟು, ಬಾಗಿಲಿನ ಹರಿದ ರಬ್ಬರಿಗೆ ಎಂದಿನಂತೆ ಸ್ಟೂಲು ಒತ್ತಿಟ್ಟು ನಿಂತಳು. ಸತ್ತವರ ಬಾಯಿಗೆ ನೀರು ಬಿಟ್ಟ ಹಾಗೆ, ಎಂದುಕೊಂಡಳು. ಮರುಕ್ಷಣವೇ, ಸತ್ತಿದೆ ಎಂದು ಯಾರು ಹೇಳಿದರು, ನೋಡದೆ ಹೇಳಬಾರದು ಎಂದು ತನ್ನನ್ನೇ ಗದರಿಕೊಂಡಳು. ಕೈ ನಡುಗುತ್ತಿತ್ತು. ಅದರಲ್ಲೇನೂ ವಿಶೇಷವಿರಲಿಲ್ಲ, ಅವಳ ಕೈ ಯಾವಾಗಲೂ ನಡುಗುತ್ತದೆ.

ಬೆಳಿಗ್ಗೆ ಆಯಾ ಬಂದು ಕಸ ಗುಡಿಸಿ ಬಲಗೈಯ ಉಂಗುರದ ಬೆರಳನ್ನು ತಾನಾಗಿ ಚಾಚಿದಳು. ದಿನವೂ ಲ್ಯಾಬಿನ ಬಾಗಿಲು ತೆರೆದು ಮೊದಲು ಮಾಡುವ ಕೆಲಸ ಇದು. ರಕ್ತದ ಗುಂಪು ನೋಡುವ ಹನಿಗಳು ಇವತ್ತು ನಿಜ ಹೇಳುತ್ತವೆಯೇ ಎಂದು ತಿಳಿಯಲು, ಗುಂಪು ಗೊತ್ತಿರುವ ರಕ್ತಕ್ಕೆ ಹಾಕಿ ನೋಡಬೇಕು. ದೊಡ್ಡ ಆಸ್ಪತ್ರೆಗಳಿಗೆ ಅಂಥ ರಕ್ತ ಪೆಟ್ಟಿಗೆಯಲ್ಲಿ ಬರುತ್ತದೆ. ಇಲ್ಲಿಗೆ ಪೆಟ್ಟಿಗೆ ಬರುವುದಿಲ್ಲ, ಅದಕ್ಕೇ ಬೆರಳುಗಳು. ಅವಳದು ಎ, ಆಯಾಳದು ಬಿ. ನೀಲಿ ಹನಿ ಎ ರಕ್ತವನ್ನು ಒಡೆಯಬೇಕು, ಹಳದಿ ಹನಿ ಬಿ ರಕ್ತವನ್ನು. ಕೆಟ್ಟ ಹಾಲು ಒಡೆದಂತೆ ರಕ್ತ ತರಿತರಿಯಾಗಿ ಬಿಟ್ಟುಕೊಳ್ಳುತ್ತದೆ. ಒಡೆಯದಿದ್ದರೆ ಅಂದು ಗುಂಪು ನೋಡುವುದಿಲ್ಲ. ಇದನ್ನು ಯಾರೂ ಅವಳಿಗೆ ವಿಧಿಸಿರಲಿಲ್ಲ. ಕಾಲೇಜಿನಲ್ಲಿ ಓದಿದ್ದನ್ನು ಇಲ್ಲಿಗೆ ಒಗ್ಗಿಸಿಕೊಂಡಿದ್ದಳು, ಅಷ್ಟೆ. ಅತ್ತೆ ಮಾತ್ರ ಅವಳ ಬೆರಳ ತುದಿಯ ಕಪ್ಪು ಚುಕ್ಕಿಗಳನ್ನು ನೋಡಿ, 'ಊರವರ ರಕ್ತ ಸಾಲ್ದು ಅಂತ ತನ್ನದನ್ನೂ ಹೀರ್ಕೋತಾಳೆ' ಎಂದು ನೆರೆಯವರ ಮುಂದೆ ನಗುತ್ತಿದ್ದರು.

'ಬೇಗ ಚುಚ್ಚು ತಾಯಿ, ಕೆಂಪುಚುಕ್ಕಿ ಬರೋದ್ರೊಳಗೆ ಮುಗೀಲಿ,' ಎಂದಳು ಆಯಾ.

ಕೆಂಪುಚುಕ್ಕಿ ಎಂದರೆ ತರಬೇತಿ ಕೊಡಲು ಪಟ್ಟಣದಿಂದ ಬರುವ ಅಧಿಕಾರಿ. ಹಿಂದಿನ ಸಲ ಬಂದಾಗ ಪೆನ್ನಿನಂಥದೊಂದರಿಂದ ಗೋಡೆಯ ಮೇಲೆ ಕೆಂಪು ಬೆಳಕಿನ ಚುಕ್ಕಿ ಓಡಿಸುತ್ತ ಪಾಠ ಮಾಡಿದ್ದ. ಆಸ್ಪತ್ರೆಯ ಬೆಕ್ಕು ಆ ಚುಕ್ಕಿಯ ಹಿಂದೆ ಬಿದ್ದು ಪಾಠ ಕೆಡಿಸಿತ್ತು. ಇಡೀ ತರಬೇತಿಯಲ್ಲಿ ಮನಸ್ಸಿಟ್ಟು ಕಲಿತದ್ದು ಬೆಕ್ಕೊಂದೇ ಎಂದು ಆಯಾ ಆಮೇಲೆ ಬಹಳ ದಿನ ಹೇಳಿಕೊಂಡು ತಿರುಗಿದ್ದಳು.

ಹಳದಿ ಹನಿ ಆಯಾಳ ರಕ್ತವನ್ನು ಕಣ್ಣೆದುರೇ ಒಡೆಯಿತು. ಅವಳು ತನ್ನ ಬೆರಳು ಚುಚ್ಚಿಕೊಂಡು ಬಿಳಿ ಟೈಲಿನ ಮೇಲೆ ಒತ್ತಿ, ನೀಲಿ ಹನಿ ಬಿಟ್ಟು, ಕಡ್ಡಿಯಿಂದ ಕಲೆಸಿ, ಟೈಲನ್ನು ಮೆಲ್ಲಗೆ ಅತ್ತಿತ್ತ ವಾಲಿಸಿದಳು. ನೇರಳೆಯ ಸಣ್ಣ ಕೊಳ ಅತ್ತಿಂದಿತ್ತ ಹರಿಯಿತು. ನುಣ್ಣಗಿತ್ತು. ಇನ್ನೊಮ್ಮೆ ವಾಲಿಸಿದಳು. ನುಣ್ಣಗೇ ಇತ್ತು, ರೇಷ್ಮೆಯ ಹಾಗೆ. ನೀನು ಎ ಅಲ್ಲ ಎನ್ನುತ್ತಿತ್ತು ಅದು. ಹುಟ್ಟಿದಾಗಿನಿಂದ ಜೊತೆಗಿದ್ದ ರಕ್ತವನ್ನು, ಪರಿಚಯವೇ ಇಲ್ಲ ಎನ್ನುವಂತೆ ನೋಡುತ್ತಿತ್ತು. ಬೆರಳನ್ನು ಜೋರಾಗಿ ಹಿಂಡಿ ರಕ್ತದ ಜೊತೆ ನೀರೂ ಬಂತೇ. ಹನಿ ಹೆಚ್ಚಾಯಿತೇ. ನಿದ್ದೆಗೆಟ್ಟ ಕಣ್ಣೇ. ಇನ್ನೊಂದು ಬೆರಳು ಚುಚ್ಚಿಕೊಂಡಳು. ಈ ಸಲ ಅಂಚಿನಲ್ಲಿ ನಾಲ್ಕೈದು ಮರಳಿನಂಥ ಕಣ ಕಂಡವು, ಇಲ್ಲವೆನ್ನುವುದಕ್ಕಿಲ್ಲ, ಇದೆ ಎನ್ನುವುದಕ್ಕೂ ಇಲ್ಲ. ಪೂರಾ ಸಾಯದೆ ಕುಟುಕು ಜೀವ ಹಿಡಿದುಕೊಂಡಿತ್ತು. ಅದೇ ಭಯ. ಸತ್ತದ್ದಾದರೆ ಎಲ್ಲರಿಗೂ ಕಾಣುತ್ತದೆ.

ಡಾಕ್ಟರು ಕನ್ನಡಿಯ ಮುಂದೆ ಕಾಲರು ಸರಿಮಾಡಿಕೊಳ್ಳುತ್ತಿದ್ದರು. ಒಳ್ಳೆಯ ಮನುಷ್ಯ. ಇಲ್ಲಿಗೆ ಬಂದ ಮೇಲೆ ಅವರ ಕೂದಲು ಬೆಳ್ಳಗಾಗಿತ್ತು, ಬೇರೆಯವರಾದರೆ ವರ್ಗ ಮಾಡಿಸಿಕೊಂಡು ಎಂದೋ ಓಡುತ್ತಿದ್ದರು. ಅದನ್ನು ಅವಳು ತನಗೆ ತಾನೇ ನೆನಪು ಮಾಡಿಕೊಂಡು ಮಾತಾಡಿದಳು.

'ಸರ್, ಇವತ್ತು ಗುಂಪು ನೋಡೋದು ಬೇಡ. ನೀಲಿ ಹನಿ ಕೆಟ್ಟಿದೆ.'

'ಕೆಟ್ಟಿದೆ ಅಂದ್ರೆ? ನಿನ್ನೆ ಸರಿಯಾಗಿತ್ತಲ್ಲ.'

'ಮಧ್ಯಾಹ್ನದಿಂದ ಹೊರಗೇ ಇತ್ತು ಸರ್. ಸ್ಟೆರಿಲೈಜರ್ ಪಕ್ಕ.'

'ಯಾರಿಟ್ಟಿದ್ದು?'

'ನಾನೇ.'

'ಮತ್ತೆ?' ಎಂದರು ಡಾಕ್ಟರು.

ಅಷ್ಟೇ. ಆ ಒಂದು ಮಾತಿನಲ್ಲಿ ಬಾಗಿಲು ಮುಚ್ಚಿಕೊಂಡಿತು. ನೀವು ಖಾಲಿ ಮಾಡು ಎಂದಿರಿ ಎಂದು ಅವಳು ಹೇಳಬಹುದಿತ್ತು. ಆದರೆ ಖಾಲಿ ಮಾಡು ಎಂದವರು ಕುದಿಯುವ ಪಾತ್ರೆಯ ಪಕ್ಕದಲ್ಲಿಡು ಎಂದಿರಲಿಲ್ಲ, ಮರೆತುಬಿಡು ಎಂದೂ ಇರಲಿಲ್ಲ. ತಪ್ಪು ಮಾಡಿದವಳಿಗೆ ತಪ್ಪನ್ನು ತೋರಿಸುವ ಹಕ್ಕು ಉಳಿಯುವುದಿಲ್ಲವೆ? ಉಳಿಯಬೇಕು, ಎಂದು ಅವಳಿಗೆ ಅನ್ನಿಸಿತು, ಅವಳಿಗಲ್ಲದೆ ಇನ್ನಾರಿಗೆ ಗೊತ್ತು. ಇದನ್ನು ಬಾಯಿಬಿಟ್ಟು ಹೇಳುವುದು ಹೇಗೆ ಎಂದು ಪದ ಹುಡುಕುತ್ತಿರುವಾಗಲೇ ಜೀಪಿನ ಸದ್ದಾಗಿ ಡಾಕ್ಟರು ಹೊರಗೆ ನಡೆದರು.

ಅಧಿಕಾರಿ ಕೆಟ್ಟವನಾಗಿದ್ದರೆ ಸುಲಭವಿತ್ತು. ಬಂದವನೇ ಅವಳು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡ, 'ಬನ್ನಿ ಮೇಡಂ, ನೋಡೇಬಿಡೋಣ' ಎಂದು ಕೈ ತೊಳೆದುಕೊಂಡು ಕೂತ. ಧೂಳಿನಿಂದ ಅವನ ರೆಪ್ಪೆಗಳು ಕೆಂಚಗಾಗಿದ್ದವು. ಇಂಥ ಎಷ್ಟೋ ಕೇಂದ್ರಗಳನ್ನು ಮಳೆಗೆ ಮುಂಚೆ ಮುಗಿಸಬೇಕಂತೆ, ಮುಗಿಸದಿದ್ದರೆ ಮುಂದಿನ ವರ್ಷ ತರಬೇತಿಯನ್ನೇ ನಿಲ್ಲಿಸುತ್ತಾರಂತೆ. ಅವಳ ಮೂರನೆಯ ಬೆರಳು ಚುಚ್ಚಿ ಹನಿ ಕಲೆಸಿ ವಾಲಿಸುತ್ತ ಅದೆಲ್ಲ ಹೇಳಿದ. ಮಾತು ಸಾಗುತ್ತಲೇ ಇತ್ತು. ನೋಡಬೇಕಾದ ಹೊತ್ತು ಮೀರಿತು. ಬಿಸಿಗಾಳಿಗೆ ಟೈಲಿನ ಮೇಲಿನ ರಕ್ತದ ಅಂಚು ಒಣಗಿ ಸಿಪ್ಪೆಗಟ್ಟಿತು.

'ನೋಡಿ, ಬಂತಲ್ಲ. ನಿಧಾನಕ್ಕೆ ಬಂತು ಅಷ್ಟೆ.'

'ಅದು ಒಣಗಿದ್ದು ಸರ್.'

'ಮೇಡಂ, ನೀವು ತುಂಬ ಹುಷಾರಿನವರು, ಒಳ್ಳೇದೆ. ಆದ್ರೆ ಹುಷಾರು ಜಾಸ್ತಿ ಆದ್ರೆ ಕೆಲಸವೇ ನಡೆಯಲ್ಲ. ಬೆರಳು ಬಿಗಿಯಾಗಿ ಹಿಂಡಿರ್ತೀರಿ, ಕೈಯೂ ಸ್ವಲ್ಪ...' ಎಂದು ಅವನು ಅವಳ ಕೈಯನ್ನು ನೋಡಿದ. ನೋಡಿ, ಸಭ್ಯನಾಗಿ ಬೇರೆ ಕಡೆ ಮುಖ ತಿರುಗಿಸಿದ.

ಆ ಸಭ್ಯತೆ ಚುಚ್ಚಿತು. ಕಾಲೇಜಿನ ಪರೀಕ್ಷಕನಿಗೆ ಇಷ್ಟೂ ಸಭ್ಯತೆಯಿರಲಿಲ್ಲ. ಅವಳು ಹನಿ ಬಿಡುವ ಪಿಪೆಟ್ಟು ಹಿಡಿದಿದ್ದಾಗ ಮಣಿಕಟ್ಟನ್ನು ಎತ್ತಿ ಹಿಡಿದು ಎಲ್ಲರಿಗೂ ಕಾಣುವಂತೆ, 'ಏನಮ್ಮ ಇದು, ಭೂಕಂಪವಾ' ಎಂದಿದ್ದ. ಓದು ಮುಗಿಯುವವರೆಗೂ ಅವಳು ಭೂಕಂಪವೇ. ಭೂಕಂಪ ಬಂತು, ಸೀಸೆ ಎತ್ತಿಡ್ರೋ. ಗಂಡನ ಮನೆಯವರು ಮೊದಲ ಸಲ ಬಂದ ದಿನ ಚಹಾದ ಲೋಟ ಅತ್ತೆಯ ಮಡಿಲಿಗೇ ಹೋಯಿತು. ಆ ಕಲೆ ಸೀರೆಯಿಂದ ಹೋಯಿತು, ಮಾತಿನಿಂದ ಹೋಗಲಿಲ್ಲ. ಆದರೂ ಅವಳು ಬಿಡಲಿಲ್ಲ. ಮೊಣಕೈಯನ್ನು ಮೇಜಿಗೆ ಊರಿ, ಎಡಗೈಯಿಂದ ಬಲ ಮಣಿಕಟ್ಟನ್ನು ಹಿಡಿದು, ಉಸಿರು ಬಿಡುವ ಕೊನೆಯ ಗಳಿಗೆಯಲ್ಲಿ ಹನಿ ಬೀಳಿಸುವುದನ್ನು ಕಲಿತಳು. ರಾತ್ರಿಗಟ್ಟಲೆ ಹಾಸ್ಟೆಲ್ಲಿನ ಬಚ್ಚಲಿನಲ್ಲಿ ನೀರಿನ ಹನಿ ಬೀಳಿಸಿ ಬೀಳಿಸಿ ಕಲಿತಳು. ಕೈ ಎಷ್ಟಾದರೂ ನಡುಗಲಿ, ಹನಿ ಬೀಳಬೇಕಾದಲ್ಲೇ ಬೀಳುತ್ತಿತ್ತು. ಅದನ್ನು ನೋಡಲು ಮಾತ್ರ ಯಾರೂ ಇರುತ್ತಿರಲಿಲ್ಲ. ಜನರ ಕಣ್ಣು ಕೈಯ ಮೇಲಿರುತ್ತದೆ, ಹನಿಯ ಮೇಲಿರುವುದಿಲ್ಲ.

ಹಳ್ಳಿ ಹಳ್ಳಿಗಳಿಂದ ಬಂದ ಆರೋಗ್ಯ ಕಾರ್ಯಕರ್ತೆಯರು ಬೆಂಚುಗಳ ಮೇಲೆ ಒತ್ತಾಗಿ ಕೂತಿದ್ದರು. ಕೆಲವರು ಬೆಳಕು ಹರಿಯುವ ಮುಂಚೆ ಮನೆ ಬಿಟ್ಟವರು. ಕಾಲಿನ ಧೂಳನ್ನು ಒಬ್ಬರಿಗೊಬ್ಬರು ತೋರಿಸಿಕೊಂಡು ನಗುತ್ತಿದ್ದರು. ಮುಂದಿನ ಬೆಂಚಿನಲ್ಲಿ ತುಂಬು ಬಸುರಿಯೊಬ್ಬಳು ಹೊಟ್ಟೆಯ ಮೇಲೆ ಚೀಲವಿಟ್ಟು ಕೂತಿದ್ದಳು. ಏನು ಹೇಳಿದರೂ ಯಾಕೆ ಎಂದು ಕೇಳುವುದರಿಂದ ಉಳಿದವರು ಅವಳಿಗೆ ಯಾಕಕ್ಕ ಎಂದು ಹೆಸರಿಟ್ಟಿದ್ದರು. ಬೆರಳ ತುದಿ ಬಿಟ್ಟು ಬದಿಗೆ ಚುಚ್ಚಬೇಕು. ಯಾಕೆ ಸಾರ್? ಮೊದಲನೇ ಹನಿ ಒರೆಸಬೇಕು. ಯಾಕೆ? 'ಸುಮ್ನಿರೇ ಮಾರಾಯ್ತಿ, ಹೀಗೇ ಕೇಳ್ತಿದ್ರೆ ಇಲ್ಲೇ ಹೆರಿಗೆ ಆಗತ್ತೆ,' ಎಂದಳು ಹಿಂದಿನಿಂದ ಯಾರೋ. ಬೆಂಚು ನಗೆಯಲ್ಲಿ ಅಲುಗಿತು.

ಡಾಕ್ಟರು ಎದ್ದು ನಿಂತು, ಇವತ್ತು ಕಲಿಯುವುದಷ್ಟೇ ಅಲ್ಲ, ಎಲ್ಲರಿಗೂ ಗುಂಪಿನ ಕಾರ್ಡು ಕೊಡುತ್ತೇವೆ ಎಂದರು. ರಕ್ತ ಕೂಡಿಡುವ ಜಾಗ ಇಲ್ಲಿಲ್ಲ, ಹೆರಿಗೆಯಲ್ಲಿ ರಕ್ತ ಹೋದರೆ ಮೈಯಲ್ಲಿ ರಕ್ತವಿರುವವರನ್ನೇ ಕರೆಯಬೇಕು. 'ಪಾಸಿಟಿವ್ ನೆಗೆಟಿವ್ ನೋಡೋ ಹನಿ ಇನ್ನೂ ಬಂದಿಲ್ಲ, ಅದು ಆಮೇಲೆ. ಮಿಕ್ಕಂತೆ ಕಾರ್ಡಲ್ಲಿ ಓ ಅಂತಿದ್ರೆ ಯಾವ ಗುಂಪಿನವರಿಗೆ ಬೇಕಾದ್ರೂ ಕೊಡಬಹುದು. ಫೋನು ಬಂದ ತಕ್ಷಣ ಬಂದುಬಿಡಬೇಕು, ನೆಪ ಹೇಳೋ ಹಾಗಿಲ್ಲ. ಬಸುರಿ ಬಾಣಂತಿಯರಿಗೆ ಮಾತ್ರ ಸದ್ಯಕ್ಕೆ ವಿನಾಯ್ತಿ.' ಅವರ ದನಿಯಲ್ಲಿ ಹೆಮ್ಮೆಯಿತ್ತು. ಇದು ಅವರ ಬಹುದಿನದ ಆಸೆ. ಕಳೆದ ವರ್ಷ ರಕ್ತ ಸಿಗದೆ ಸತ್ತ ಬಾಣಂತಿಯ ಗಂಡ, ಹೊರಗೆ ಮರದ ಕೆಳಗೆ ಕೂತವನು ಮರುದಿನದವರೆಗೂ ಏಳದಿದ್ದದ್ದನ್ನು ಡಾಕ್ಟರೂ ಅವಳೂ ಕಿಟಕಿಯಿಂದ ನೋಡಿದ್ದರು. ಗೋಡೆಗೊರಗಿ ನಿಂತ ಅವಳು ಆ ಕಾರ್ಡುಗಳ ಕಟ್ಟನ್ನು ನೋಡಿದಳು. ಗಟ್ಟಿ ಬಿಳಿ ರಟ್ಟು. ಹರಿಯಬಾರದು, ಬೆವರಿಗೆ ನೆನೆಯಬಾರದು ಎಂದು ಡಾಕ್ಟರೇ ಆರಿಸಿ ಮಾಡಿಸಿದ್ದು.

ಕೆಂಪುಚುಕ್ಕಿ ಮೊದಲು ಯಾಕಕ್ಕನನ್ನೇ ಕರೆದ. ಬೆರಳು ಚುಚ್ಚಿದ. ಹಳದಿ ಹನಿಯಲ್ಲಿ ರಕ್ತ ನುಣ್ಣಗಿತ್ತು. ನೀಲಿ ಹನಿಯಲ್ಲೂ ನುಣ್ಣಗಿತ್ತು. 'ಎರಡರಲ್ಲೂ ಒಡೀಲಿಲ್ಲ, ಕಂಡ್ರಾ. ಹಾಗಾದ್ರೆ ಏನು?' ಬೆಂಚು ಒಕ್ಕೊರಲಿನಿಂದ ಓ ಎಂದಿತು. ಡಾಕ್ಟರು ಚಪ್ಪಾಳೆ ತಟ್ಟಿದರು. 'ಮೊದಲನೇದೇ ಓ. ಶುಭವಾಯ್ತು.'

'ಹೋದ ಹೆರಿಗೇಲಿ ಪಟ್ಟಣದ ಆಸ್ಪತ್ರೆಲಿ ಎ ಅಂದಿದ್ರಲ್ಲ ಸಾರ್,' ಎಂದಳು ಯಾಕಕ್ಕ.

'ಬರ್ಕೊಟ್ರಾ?'

'ಇಲ್ಲ, ಬಾಯಲ್ಲಿ ಅಂದ್ರು.'

'ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಯ್ತು. ಇದು ನಿಮ್ಮ ಕಣ್ಣೆದುರೇ ಇದೆ.' ಅವನು ಕಾರ್ಡು ತೆಗೆದುಕೊಂಡು ದಪ್ಪ ಪೆನ್ನಿನಲ್ಲಿ ದುಂಡಗೆ ಓ ಬರೆದ. ಅಂದವಾದ ಅಕ್ಷರ.

'ಸರ್, ಅವರು ಎ ಇರಬಹುದು. ಹನಿ ಕೆಟ್ಟಿದೆ ಅಂತ ಬೆಳಿಗ್ಗೆನೇ ಹೇಳಿದೆ,' ಎಂದು ಅವಳು ಗೋಡೆಯ ಬಳಿಯಿಂದ ಹೇಳಿದಳು. ದನಿ ಅಂದುಕೊಂಡದ್ದಕ್ಕಿಂತ ಸಣ್ಣಗೆ ಬಂತು. ಬೆಂಚಿನ ತಲೆಗಳೆಲ್ಲ ತಿರುಗಿದವು. ಡಾಕ್ಟರು ಎದ್ದು ಬಂದು ಅವಳ ಪಕ್ಕ ನಿಂತು, ತುಟಿ ಅಲುಗಿಸದೆ, 'ಇಷ್ಟು ಜನದ ಮುಂದೆ ಬೇಡ ಕಣಮ್ಮ. ಆಮೇಲೆ ಬೇಕಾದ್ರೆ ಇನ್ನೊಂದ್ಸಲ ನೋಡೋಣ' ಎಂದರು. ಆಮೇಲೆ ಎಂದರೆ ಏನೆಂದು ಅವಳಿಗೆ ಗೊತ್ತಿತ್ತು. ಆಮೇಲೆ ಇವರೆಲ್ಲ ಕಾರ್ಡು ರವಿಕೆಯೊಳಗೆ ಇಟ್ಟುಕೊಂಡು ಬೆಟ್ಟ ಹೊಳೆ ದಾಟಿ ಮನೆ ಸೇರುತ್ತಾರೆ. ಇನ್ನೊಂದು ಸಲ ಅವರ ಬೆರಳು ಹಿಡಿಯಲು ಯಾರು ಹೋಗುತ್ತಾರೆ. ಯಾಕಕ್ಕನ ಕೂಸು ಹಾಲು ಬಿಟ್ಟ ಮೇಲೆ ಒಂದು ರಾತ್ರಿ ಫೋನು ಬರುತ್ತದೆ. ಓ ಇದ್ದೀರಲ್ಲ, ಬನ್ನಿ. ಅವಳು ಓಡಿ ಬರುತ್ತಾಳೆ, ಬರುವವಳೇ ಅವಳು, ದಾರಿಯಲ್ಲಿ ಮಾತ್ರ ಯಾಕೆ ಎಂದು ಕೇಳುವುದಿಲ್ಲ. ಎರಡು ರಕ್ತ ಕೂಡಿಸಿ ನೋಡಲು ಲ್ಯಾಬಿನಲ್ಲಿ ತಾನಿರಬೇಕು. ತಾನು ರಜೆಯಲ್ಲಿದ್ದರೆ, ಜ್ವರದಲ್ಲಿದ್ದರೆ, ಕಾರ್ಡೇ ದೇವರು. ತೋಳಿನಿಂದ ತೋಳಿಗೆ ಹೋದ ರಕ್ತ ಮಲಗಿದವಳ ಮೈಯೊಳಗೆ ಟೈಲಿನ ಮೇಲಿನಂತೆ ತರಿತರಿಯಾಗಿ ಒಡೆಯುತ್ತದೆ. ನಾವು ಇಷ್ಟು ಮಾಡಿದರೂ ಉಳಿಯಲಿಲ್ಲ ಎನ್ನುತ್ತಾರೆ. ಯಾಕಕ್ಕ ಕೂಡ ಹಾಗೇ ಎನ್ನುತ್ತಾಳೆ, ತೋಳು ಮಡಚಿ ಹತ್ತಿ ಒತ್ತಿಕೊಂಡು ಅಳುತ್ತಾಳೆ. ಕೊಂದದ್ದು ಯಾವುದೆಂದು ಯಾರಿಗೂ, ಎಂದೆಂದಿಗೂ ತಿಳಿಯುವುದಿಲ್ಲ. ತಂಪುಪಾನೀಯದ ಬಾಟಲಿ ಎಂದು ಯಾರು ಊಹಿಸುತ್ತಾರೆ.

'ಬನ್ನಿ ಮೇಡಂ,' ಎಂದು ಕೆಂಪುಚುಕ್ಕಿ ನಗುತ್ತ ಕರೆದ. ಮುನಿಸಿಕೊಂಡವರನ್ನು ಊಟಕ್ಕೆ ಎಬ್ಬಿಸುವ ದನಿ. 'ಎರಡನೆಯವರಿಗೆ ನೀವೇ ಹಾಕಿ. ಇಲ್ಲಿ ದಿನಾ ಮಾಡೋರು ನೀವು.' ನೀಲಿ ಬಾಟಲಿಯನ್ನು ಅವಳ ಮುಂದೆ ಚಾಚಿದ. ಅವಳು ಮುಂದೆ ಹೋದಳು. ಬೆಂಚಿನ ಮೇಲೆ ಒಬ್ಬ ಹುಡುಗಿ ಆಗಲೇ ಬೆರಳು ಚಾಚಿ ಕಣ್ಣು ಮುಚ್ಚಿ ಕೂತಿದ್ದಳು. ಬಾಟಲಿಯೊಳಗೆ ನೀಲಿ ಮುಕ್ಕಾಲು ಪಾಲು ಉಳಿದಿತ್ತು, ಕಿಟಕಿಯ ಬೆಳಕಿಗೆ ಬಹಳ ಚೆನ್ನಾಗಿ ಕಾಣುತ್ತಿತ್ತು. ಎಲ್ಲರೂ ಅವಳ ಕೈಯನ್ನು ನೋಡುತ್ತಿದ್ದರು. ಬಾಟಲಿ ಕೈಯಲ್ಲಿತ್ತು. ಆಮೇಲೆ ನೆಲದ ಮೇಲಿತ್ತು.

ಸಿಮೆಂಟಿನ ಮೇಲೆ ನೀಲಿ ಚಿಮ್ಮಿ ಕೆಂಪುಚುಕ್ಕಿಯ ಬೂಟಿನವರೆಗೆ ಹೋಯಿತು. ಕಣ್ಣು ಮುಚ್ಚಿದ್ದ ಹುಡುಗಿ, 'ಚುಚ್ಚಿದ್ರಾ?' ಎಂದಳು.

ಡಾಕ್ಟರು ಹಣೆಗೆ ಕೈ ಹಚ್ಚಿ, 'ಅವರ ಕೈಗೆ ಯಾಕ್ರೀ ಕೊಟ್ರಿ' ಎಂದರು. ಅವಳಿಗಲ್ಲ, ಕೆಂಪುಚುಕ್ಕಿಗೆ. ಅವಳು ಅಲ್ಲಿ ಇಲ್ಲವೇ ಇಲ್ಲ ಎನ್ನುವಂತೆ. 'ಕೈ ನಡುಗತ್ತೆ ಅಂತ ಗೊತ್ತಿಲ್ವಾ. ಇದ್ದಿದ್ದು ಅದೊಂದು.'

ಹಿಂದಿನ ಬೆಂಚಿನಲ್ಲಿ ಯಾರೋ ಪಾಪ ಎಂದರು. ಕೆಂಪುಚುಕ್ಕಿ ಬೂಟು ನೋಡಿಕೊಂಡ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಅದನ್ನು ಸಹಿಸುವುದು ಕಷ್ಟವಾಯಿತು. ಆದರೂ ಅವಳು ತಲೆ ತಗ್ಗಿಸಲಿಲ್ಲ. ಆಯಾ ಬಟ್ಟೆ ಹಿಡಿದು ಬಗ್ಗಿದಳು. 'ಮುಟ್ಟಬೇಡ,' ಎಂದಳು ಅವಳು. ಈ ಸಲ ದನಿ ಸಣ್ಣಗಿರಲಿಲ್ಲ. 'ಯಾರೂ ಮುಟ್ಟಬೇಡಿ. ಎಲ್ಲ ಎದ್ದು ಬನ್ನಿ, ಸುತ್ತ ನಿಂತ್ಕೊಳ್ಳಿ. ಲ್ಯಾಬಲ್ಲಿ ಗಾಜು ಒಡೆದ್ರೆ ಏನು ಮಾಡ್ಬೇಕು ಅಂತ ನೋಡಿ.' ಅವರು ಬಂದು ನಿಂತರು. ಕೈಗೆ ದಪ್ಪ ಗವಸು ಹಾಕಿಕೊಂಡಳು, ಹಾಕಿಕೊಳ್ಳುವುದನ್ನೂ ತೋರಿಸಿದಳು. ಚೆಲ್ಲಿದ್ದರ ಮೇಲೆ ಕಾಗದ ಹಾಸಿ ಬ್ಲೀಚಿಂಗ್ ನೀರನ್ನು ಹೊರಗಿನಿಂದ ಒಳಕ್ಕೆ ಸುರಿದಳು.

'ಯಾಕೆ ಹೊರಗಿಂದ ಒಳಕ್ಕೆ?' ಎಂದಳು ಯಾಕಕ್ಕ.

'ಒಳಗಿಂದ ಸುರಿದ್ರೆ ಹರಡತ್ತೆ. ಈಗ ಸ್ವಲ್ಪ ಹೊತ್ತು ಕಾಯ್ಬೇಕು. ಒರೆಸೋ ಆತುರ ಬೇಡ. ಗಾಜನ್ನ ಕೈಯಲ್ಲಿ ಎತ್ತೋ ಹಾಗಿಲ್ಲ, ಗವಸಿದ್ರೂ ಎತ್ತೋ ಹಾಗಿಲ್ಲ. ಗಟ್ಟಿ ರಟ್ಟಲ್ಲಿ ಎತ್ತಬೇಕು.' ಅವಳು ಮೇಜಿನತ್ತ ಕೈ ಚಾಚಿ ಯಾಕಕ್ಕನ ಕಾರ್ಡನ್ನು ತೆಗೆದುಕೊಂಡಳು.

'ಮೇಡಂ, ಅದು ಕಾರ್ಡು,' ಎಂದ ಕೆಂಪುಚುಕ್ಕಿ.

'ರಟ್ಟು ಗಟ್ಟಿಯಿದೆ ಸರ್,' ಎಂದು ಅವಳು ಅದನ್ನು ಚೂರುಗಳ ಕೆಳಗೆ ತೂರಿಸಿದಳು. ದುಂಡಗಿನ ಓ ನೀಲಿಯಲ್ಲಿ ನೆನೆದು ಹರಡಿತು. ಬ್ಲೀಚಿಂಗ್ ತಾಗಿ ಬಿಳಿಚಿಕೊಂಡಿತು. ಚೂರುಗಳ ಸಮೇತ ಅದನ್ನು ಸೂಜಿಗಳ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ತಲೆಯೆತ್ತಿದಾಗ ಯಾಕಕ್ಕ ಅವಳನ್ನೇ ನೋಡುತ್ತಿದ್ದಳು. ಡಬ್ಬಿಯನ್ನು ನೋಡಿದಳು, ಗವಸಿನ ಕೈಗಳನ್ನು ನೋಡಿದಳು, ಬಾಯಿ ತೆರೆದಳು. ಏನೂ ಕೇಳದೆ ಮುಚ್ಚಿಕೊಂಡಳು. ಚೀಲವನ್ನು ಹೊಟ್ಟೆಯ ಇನ್ನೊಂದು ಬದಿಗೆ ಸರಿಸಿಕೊಂಡು, 'ಇನ್ನೊಂದ್ಸಲ ತೋರ್ಸಿ ಅಕ್ಕ, ಗವಸು ತೆಗೆಯೋದು' ಎಂದಳು.

ಗುಂಪು ನೋಡುವಂತಿಲ್ಲವಾದ್ದರಿಂದ ಆ ಮಧ್ಯಾಹ್ನ ಅವಳೇ ಪಾಠ ಮಾಡಿದಳು. ಮಾಡಿ ಎಂದು ಯಾರೂ ಹೇಳಲಿಲ್ಲ, ಬೇಡ ಎನ್ನಲು ಬೇರೇನೂ ಉಳಿದಿರಲಿಲ್ಲ. ಆಯಾಳ ಬೆರಳನ್ನು ಮೇಜಿನ ಮೇಲೆ ಇರಿಸಿ, ಹಳದಿ ಹನಿಯ ಪಕ್ಕದಲ್ಲಿ ಬರೀ ಉಪ್ಪುನೀರಿನ ಹನಿಯನ್ನೂ ಇಟ್ಟು, ಒಡೆಯುವುದು ಹೇಗಿರುತ್ತದೆ, ಒಡೆಯದಿರುವುದು ಹೇಗಿರುತ್ತದೆ, ಹೊತ್ತು ಮೀರಿ ಒಣಗಿದ್ದು ಒಡೆದಂತೆ ಹೇಗೆ ನಟಿಸುತ್ತದೆ ಎಂದು ತೋರಿಸಿದಳು. ಒಬ್ಬೊಬ್ಬರಿಂದಲೂ ಟೈಲು ವಾಲಿಸಿದಳು. ಯಾರ ಕೈಯೋ ನಡುಗಿದಾಗ ಉಳಿದವರು ಕಿಸಕ್ಕೆಂದರು. 'ಮೊಣಕೈ ಊರು,' ಎಂದಳು, 'ಎಡಗೈಯಿಂದ ಹಿಡ್ಕೋ. ಉಸಿರು ಬಿಟ್ಟು ಆಮೇಲೆ ಬಿಡು.' ಹನಿ ಸರಿಯಾಗಿ ಬಿತ್ತು. 'ಬಾಟಲಿನ ನಂಬಬೇಡಿ. ನಿನ್ನೆ ನಿಜ ಹೇಳಿದ್ದು ಇವತ್ತು ಹೇಳ್ಬೇಕು ಅಂತಿಲ್ಲ. ಬೆಳಿಗ್ಗೆ ಮೊದಲು ನಿಮ್ಮ ಬೆರಳಿಗೆ ಹಾಕಿ ನೋಡಿ. ಸಾಹೇಬ್ರು ಬಂದಿರಲಿ, ಯಾರೇ ಬಂದಿರಲಿ.' ಆಯಾ ಚುಚ್ಚಿಸಿಕೊಂಡ ಬೆರಳುಗಳನ್ನೆಲ್ಲ ಬಿಡಿಸಿ ಹಿಡಿದು, 'ಇವರಿಗೆಲ್ಲ ಕಲಿಸೋ ಹೊತ್ತಿಗೆ ನಾನು ರಕ್ತ ಬಸಿದು ಬೆಳ್ಳಗಾಗ್ತೀನಿ, ಯಾರಾದ್ರೂ ಹೆಣ್ಣು ನೋಡೋಕೆ ಬಂದಾರು' ಎಂದಳು. ಬಾಗಿಲಲ್ಲಿ ನಿಂತಿದ್ದ ಕೆಂಪುಚುಕ್ಕಿಯೂ ನಕ್ಕ. ಹೋಗುವಾಗ, ಇನ್ನೊಂದು ಬಾಟಲಿಗೆ ಹೇಳಿ ನೋಡುತ್ತೇನೆ, ಒಂದು ತಿಂಗಳಾದರೂ ಬೇಕು ಎಂದ. ಒಂದು ತಿಂಗಳು ಗುಂಪು ನೋಡಬೇಕಾದವರನ್ನೆಲ್ಲ ಜೀಪು ಹತ್ತಿಸಿ ಪಟ್ಟಣಕ್ಕೆ ಕಳಿಸಬೇಕು. ಆ ದಾರಿಯಲ್ಲಿ ಯಾರಿಗೆ ಏನಾದರೂ ಆದರೆ ಅದು ತನ್ನ ತಲೆಗೇ. ಇರಲಿ, ಎಂದುಕೊಂಡಳು. ಅದು ಎಲ್ಲರ ಕಣ್ಣಿಗೆ ಕಾಣುವ ಕೇಡು. ಅದಕ್ಕೆ ಜೀಪು ಬೇಕು, ಡೀಸೆಲ್ ಬೇಕು ಎಂದು ಜಗಳವಾದರೂ ಆಡಬಹುದು.

ಸಂಜೆ ಹೊತ್ತಿಗೆ ಸುದ್ದಿ ಗೋಡೆ ದಾಟಿ ಮನೆಗೆ ಬಂದಿತ್ತು. ಗಂಡ ಕಿಟಕಿಯ ಬಳಿ ಕೂತು ಮುರಿದ ಚಪ್ಪಲಿಗೆ ಮೊಳೆ ಹೊಡೆಯುತ್ತಿದ್ದ. ಅವಳು ಚಹಾ ಸೋಸಿದಳು.

'ಏನೋ ಒಡೆದೆಯಂತೆ,' ಎಂದರು ಅತ್ತೆ.

'ಹೂಂ.'

'ಮನೇಲಿ ಲೋಟ, ಅಲ್ಲಿ ಬಾಟ್ಲಿ. ಗಾಜು ಕಂಡ್ರೆ ನಿನ್ನ ಕೈಗೆ ಯಾವ ಜನ್ಮದ ಹಗೆಯೋ. ಡಾಕ್ಟ್ರು ಎಲ್ಲರ ಮುಂದೆ ಬೈದ್ರಂತಲ್ಲ.'

'ಬೈದ್ರು.'

'ಬಿಡಮ್ಮ ಸಾಕು,' ಎಂದ ಗಂಡ ಮೊಳೆಯಿಂದ ಕಣ್ಣೆತ್ತದೆ. 'ಅವಳೇನು ಬೇಕಂತ ಬೀಳಿಸಿದ್ಲಾ?'

ಅವಳು ಸೋಸುವುದನ್ನು ನಿಲ್ಲಿಸಿದಳು. ಹೇಳಿಬಿಡಬಹುದಿತ್ತು. ಇವನು ಸಿಟ್ಟಾಗುವವನಲ್ಲ, ಬಹುಶಃ ಮೆಚ್ಚಿಕೊಂಡಾನು. ಮೆಚ್ಚಿಕೊಂಡು ನಾಲ್ಕು ದಿನ ಸುಮ್ಮನಿದ್ದು, ಐದನೆಯ ದಿನ ಸ್ನೇಹಿತರ ಮುಂದೆ ಹೇಳಿಯಾನು. ಅದಕ್ಕಿಂತ ಹೆಚ್ಚಾಗಿ, ಹೇಳಿದರೆ ಅದು ಕಥೆಯಾಗುತ್ತದೆ. ಅವರಿವರ ಬಾಯಲ್ಲಿ ಬಿದ್ದು ಸರಿಯೋ ತಪ್ಪೋ ಎಂಬ ಮಾತಾಗುತ್ತದೆ. ಬಾಟಲಿಯಿಂದ ಒಂದೊಂದಾಗಿ ಬಿಚ್ಚಿಕೊಂಡ ಬೆರಳುಗಳು ಅವಳಿಗೆ ನೆನಪಿದ್ದವು. ಮೊದಲು ಕಿರುಬೆರಳು, ಆಮೇಲೆ ಬೆಳಗಿನ ಗಾಯವಿನ್ನೂ ಉರಿಯುತ್ತಿದ್ದ ಉಂಗುರದ ಬೆರಳು. ಮೊಣಕೈಗೆ ಮೇಜಿನ ಆಸರೆಯಿರಲಿಲ್ಲ. ಎಡಗೈ ಮಣಿಕಟ್ಟನ್ನು ಹಿಡಿದಿರಲಿಲ್ಲ. ಅಷ್ಟು ಕಣ್ಣುಗಳ ಎದುರಿಗೆ, ಹುಟ್ಟಿದ ಮೇಲೆ ಮೊದಲ ಸಲ, ಆ ಕೈ ಕಲ್ಲಿನ ಹಾಗೆ ನಿಂತಿತ್ತು. ಎಲ್ಲರೂ ಅದನ್ನೇ ನೋಡುತ್ತಿದ್ದರು, ಆದರೂ ಯಾರಿಗೂ ಕಾಣಲಿಲ್ಲ. ನಡುಗುವ ಕೈ ಎಂಬ ಹೆಸರು, ಭೂಕಂಪ ಎಂದವರು ಇಷ್ಟು ವರ್ಷ ಅವಳ ಮೇಲೆ ಹೊದಿಸಿದ್ದ ಕಂಬಳಿ. ಈಗ ಅದರೊಳಗೆ ಅವಳು ಬೆಚ್ಚಗೆ ಕೂರಬಹುದು.

'ಇಲ್ಲ, ಕೈ ನಡುಗಿತು,' ಎಂದಳು.

ಲೋಟವನ್ನು ಅತ್ತೆಯ ಮುಂದಿಡುವಾಗ ಕೈ ಎಂದಿನಂತೆ ನಡುಗಿ ಚಹಾ ತುಳುಕಿತು. 'ನೋಡು, ನೋಡು,' ಎಂದರು ಅತ್ತೆ. ಅವಳು ಎಡಗೈಯಿಂದ ಮಣಿಕಟ್ಟನ್ನು ಹಿಡಿಯಲು ಹೋಗಲಿಲ್ಲ. ಬೇಕಾದಷ್ಟು ನಡುಗಲಿ ಎಂದು ಬಿಟ್ಟಳು.